ವೋಚರ್ ಇಲ್ಲದ ಯೋಚನೆಗಳು

ಉಡುಪಿ ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ ನಾನು 22 ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಕೊನೆಯ ಗಡಿಬಿಡಿಯಲ್ಲಿ, ಒಬ್ಬ ಸದಸ್ಯರು ಕಟ್ಟಿದ 18,600 ರೂಪಾಯಿಯ ಸಾಲದ ಕಂತನ್ನು ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಜಮೆ ಮಾಡಿಬಿಟ್ಟೆ. ಅವರು ಕೌಂಟರಿನ ಎದುರು ನಿಂತು, "ಲೆಕ್ಕ ಬಾರದಿದ್ದರೆ ಇಲ್ಲಿ ಯಾಕೆ ಕೂತಿದ್ದೀರಿ ಮಾರಾಯರೇ?" ಎಂದು ಎಲ್ಲರೆದುರು ಕೇಳಿದರು. ತಪ್ಪು ಒಂದು ಗಂಟೆಯೊಳಗೆ ಸರಿಯಾಯಿತು. ಆದರೆ ಆ ಪ್ರಶ್ನೆ ನನ್ನೊಳಗೆ ಐದಾರು ತಿಂಗಳು ಉಳಿಯಿತು. ದಿನದ ಮೊತ್ತವನ್ನು ಐದು ಬಾರಿ ಕೂಡಿಸಿದರೂ ಸಮಾಧಾನವಿರುತ್ತಿರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗಿ, ಮುಂದಿನ ತಪ್ಪು ಯಾವುದಿರಬಹುದೆಂದು ಮನಸ್ಸು ಹುಡುಕಾಟ ಆರಂಭಿಸುತ್ತಿತ್ತು. ಬಡಿಸಿದ ಅನ್ನ ತಟ್ಟೆಯಲ್ಲಿ ಆರುತ್ತಿರುವುದನ್ನು ನೋಡಿದ ನನ್ನ ಹೆಂಡತಿಯೇ ಕೊನೆಗೆ ನನ್ನನ್ನು ಮಣಿಪಾಲದ ಒಬ್ಬರು ಮನಃಶಾಸ್ತ್ರಜ್ಞೆಯ ಬಳಿಗೆ ಕರೆದುಕೊಂಡು ಹೋದಳು.

ಅದಕ್ಕೆ ಮೊದಲು ನಾನು ಮಾಡುತ್ತಿದ್ದುದು ಒಂದೇ ಉಪಾಯ: ಆ ಯೋಚನೆಯನ್ನು ಬರಗೊಡದಿರುವುದು. ಅದು ಏಕೆ ಫಲಿಸಲಿಲ್ಲವೆಂಬುದನ್ನು ಅವರು ಒಂದು ಪ್ರಯೋಗದ ಮೂಲಕ ವಿವರಿಸಿದರು. 1987ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕೆಲವರಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬಾರದೆಂದು ಹೇಳಿ, ನೆನಪಾದಾಗಲೆಲ್ಲ ಗಂಟೆ ಬಾರಿಸಲು ತಿಳಿಸಿದ್ದರು. ಗಂಟೆ ಮತ್ತೆ ಮತ್ತೆ ಬಾರಿಸಿತು, ಅನಂತರ ನೆನೆಯಬಹುದೆಂದು ಬಿಟ್ಟಾಗ ಅವರಿಗೆ ಕರಡಿ ಇನ್ನಷ್ಟು ನೆನಪಾಯಿತು. "ಒಳ್ಳೆಯದನ್ನೇ ಯೋಚಿಸು" ಎಂದು ನನಗೆ ಪ್ರೀತಿಯಿಂದ ಬುದ್ಧಿ ಹೇಳಿದ ಬಂಧುಗಳಿಗೆ ಈ ಸಂಗತಿ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನೇಕ ಬಾರಿ ಅಂದುಕೊಂಡಿದ್ದೇನೆ.

ಮನಃಶಾಸ್ತ್ರಜ್ಞೆ ನನಗೆ ಕಲಿಸಿದ್ದು ಯೋಚನೆಯನ್ನು ಬರೆದಿಡುವ ಕ್ರಮ. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್, ಖಿನ್ನತೆಯಿಂದ ಬಳಲುವವರ ಮನಸ್ಸಿನಲ್ಲಿ ತಮ್ಮ ಬಗ್ಗೆ ಕೀಳಾದ ಮಾತುಗಳು ಕ್ಷಣಾರ್ಧದಲ್ಲಿ ಹಾದುಹೋಗುತ್ತವೆಂದೂ, ಅವರು ಅವನ್ನು ಪರೀಕ್ಷಿಸದೆ ನಂಬಿಬಿಡುತ್ತಾರೆಂದೂ ಗಮನಿಸಿ ರೂಪಿಸಿದ ಚಿಕಿತ್ಸೆಯಿಂದ ಬೆಳೆದುಬಂದ ಕ್ರಮವಿದು. ಪುಟದಲ್ಲಿ ಗೆರೆ ಎಳೆದು ಸಂದರ್ಭ, ಯೋಚನೆ, ಅದನ್ನು ನೂರಕ್ಕೆ ಎಷ್ಟು ನಂಬುತ್ತೇನೆ, ಪರ ಪುರಾವೆ, ವಿರುದ್ಧ ಪುರಾವೆ, ಕೊನೆಗೆ ಎರಡನ್ನೂ ಸೇರಿಸಿಕೊಂಡ ಒಂದು ವಾಕ್ಯ, ಹೀಗೆ ತುಂಬಬೇಕು. ಮೊದಲ ವಾರ ನನಗೆ ಇದು ಶಾಲೆಯ ಮನೆಕೆಲಸದಂತೆ ಕಂಡಿತು. ಪುರಾವೆಯ ಅಂಕಣಕ್ಕೆ ಬಂದಾಗ ಮಾತ್ರ ಕೈ ನಿಂತಿತು. ವೋಚರ್ ಇಲ್ಲದೆ ಒಂದು ರೂಪಾಯಿಯ ಖರ್ಚನ್ನೂ ನಗದು ಪುಸ್ತಕಕ್ಕೆ ಏರಿಸದ ನಾನು, "ನನ್ನಿಂದ ಲೆಕ್ಕ ಆಗದು" ಎಂಬಷ್ಟು ದೊಡ್ಡ ಬಾಬನ್ನು ಯಾವ ಚೀಟಿಯೂ ಇಲ್ಲದೆ ಪ್ರತಿ ರಾತ್ರಿ ನನ್ನ ಹೆಸರಿಗೆ ಖರ್ಚು ಬರೆಯುತ್ತಿದ್ದೆ.

ಯೋಚನೆಗಳನ್ನು ಬರೆದಿಡುವ ನನ್ನ ಪುಸ್ತಕದ ಒಂದು ಪುಟ ಹೀಗಿದೆ. ಸಂದರ್ಭ: ಬೆಳಿಗ್ಗೆ ಮ್ಯಾನೇಜರರು ನನ್ನ ಮುಖ ನೋಡದೆ ಒಳಗೆ ಹೋದರು. ಯೋಚನೆ: ಅವರಿಗೆ ನನ್ನ ಮೇಲಿನ ನಂಬಿಕೆ ಹೋಗಿದೆ. ನಂಬುವುದು: 90. ಪರ: ನೋಡಲಿಲ್ಲ, ಅಷ್ಟೆ. ವಿರುದ್ಧ: ಬೇರೆ ಯಾರೊಂದಿಗೂ ಮಾತನಾಡಲಿಲ್ಲ, ಮಧ್ಯಾಹ್ನ ತಿಜೋರಿಯ ಬೀಗದ ಕೈಯನ್ನು ನನಗೇ ಕೊಟ್ಟು ಹೋದರು. ವಾಕ್ಯ: ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ತಿಳಿಯದು, ಕೆಲಸ ಮಾತ್ರ ಎಂದಿನಂತೆ ನನ್ನ ಕೈಯಲ್ಲಿದೆ. ಈಗ ನಂಬುವುದು: 40.

ಸೊನ್ನೆಗೆ ಇಳಿಯಲಿಲ್ಲವಲ್ಲ ಎಂದು ನಾನು ಬೇಸರಪಟ್ಟಾಗ, 40ರ ಯೋಚನೆಯೊಂದಿಗೆ ಮನುಷ್ಯ ಊಟ ಮಾಡಬಲ್ಲ, ನಿದ್ದೆಯನ್ನೂ ಮಾಡಬಲ್ಲ ಎಂದರು ಆಕೆ. ಕೊನೆಯ ವಾಕ್ಯ ಸಿಹಿಯಾಗಿರಬೇಕಿಲ್ಲ, ನಿಜವಾಗಿದ್ದರೆ ಸಾಕು ಎಂಬುದನ್ನೂ ನಾನು ಅಲ್ಲಿಯೇ ಕಲಿತೆ. "ನಾನು ಅತ್ಯುತ್ತಮ ಲೆಕ್ಕಿಗ" ಎಂದು ಬರೆದ ದಿನಗಳಲ್ಲಿ ಮನಸ್ಸು ಅದನ್ನು ಒಂದು ನಿಮಿಷವೂ ಒಪ್ಪಿರಲಿಲ್ಲ.

ಬರೆದದ್ದನ್ನು ಕೆಲಸದಲ್ಲಿ ಪರೀಕ್ಷಿಸಿಯೂ ನೋಡಿದೆವು. ಮೊತ್ತವನ್ನು ಎರಡೇ ಬಾರಿ ಕೂಡಿಸಿ ಸಹೋದ್ಯೋಗಿಯ ಕೈಗೆ ಕೊಡಬೇಕು, 15 ದಿನಗಳಲ್ಲಿ ಎಷ್ಟು ತಪ್ಪಾಗಬಹುದೆಂದು ಮುಂಚಿತವಾಗಿ ಬರೆದಿಡಬೇಕು ಎಂಬುದು ಒಪ್ಪಂದ. ಐದಾದರೂ ಆದೀತೆಂದು ಬರೆದೆ. ಆದದ್ದು ಒಂದು; ಅದನ್ನೂ ಅವರು ಸಂಜೆ ಲೆಕ್ಕ ಮುಚ್ಚುವ ಮೊದಲೇ ಹಿಡಿದು, ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿ ಹಿಂದಿರುಗಿಸಿದರು. ಆ ಗುರುತಿನ ಪುಟದ ಎದುರು ನಾನು ಬಹಳ ಹೊತ್ತು ಕುಳಿತಿದ್ದೆ. ಇದರ ಜೊತೆಗೆ ಚಿಂತೆಗೆಂದೇ ಸಂಜೆ ಆರೂಕಾಲರಿಂದ ಅರ್ಧ ಗಂಟೆಯನ್ನು ಗೊತ್ತುಮಾಡಿಕೊಂಡು, ಹಗಲಿನಲ್ಲಿ ಬಂದ ಚಿಂತೆಗಳನ್ನು ಚೀಟಿಯಲ್ಲಿ ಬರೆದು ಆ ಹೊತ್ತಿಗೆ ಮುಂದೂಡುವ ಅಭ್ಯಾಸವೂ ನಡೆಯಿತು. ಚೀಟಿ ತೆರೆಯುವ ವೇಳೆಗೆ ಅರ್ಧದಷ್ಟು ಚಿಂತೆಗಳು ಹಳಸಿರುತ್ತಿದ್ದವು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಊಟಗಳು ಕೆಟ್ಟಿದ್ದರೆ, ಬದುಕು ಬೇಡವೆನಿಸಿದರೆ, ಪುಸ್ತಕವೊಂದನ್ನೇ ನಂಬಿ ಕೂರಬಾರದು, ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ಇರುಳಾಗಲಿ ಶುಲ್ಕವಿಲ್ಲದೆ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ನಾನು ತಡವಾಗಿ ಹೋದವನು. ಆ ತಿಂಗಳುಗಳನ್ನು ನೆನೆದರೆ ಈಗಲೂ ನೋವಾಗುತ್ತದೆ.

ಕಳೆದ ವರ್ಷ ಅಮ್ಮನ ಹೃದಯ ದುರ್ಬಲವಾಗಿದೆಯೆಂದು ವೈದ್ಯರು ತಿಳಿಸಿದಾಗ, "ಅಮ್ಮ ಇನ್ನು ಹೆಚ್ಚು ಕಾಲ ಇರಲಾರರು" ಎಂಬ ಯೋಚನೆಯನ್ನು ಪುಸ್ತಕಕ್ಕೆ ಏರಿಸಿದೆ. ಪುರಾವೆಯ ಅಂಕಣ ತುಂಬಿತು, ವಿರುದ್ಧದ ಅಂಕಣ ಖಾಲಿಯಾಗಿಯೇ ಉಳಿಯಿತು. ಈ ಬಾರಿ ಯೋಚನೆಯೊಂದಿಗೆ ವಾದಿಸುವುದಕ್ಕೆ ಏನೂ ಇರಲಿಲ್ಲ. ಮನಃಶಾಸ್ತ್ರಜ್ಞೆ ಕೇಳಿದ್ದು ಒಂದೇ ಪ್ರಶ್ನೆ: "ಇದು ನಿಜವಾದರೆ, ನಾಳೆ ಬೆಳಿಗ್ಗೆ ನೀವು ಏನು ಮಾಡುತ್ತಿರಬೇಕು?"

ನಮ್ಮ ಅಂಗಳದಲ್ಲಿ ಶಂಕರಪುರ ಮಲ್ಲಿಗೆಯ ಗಿಡಗಳಿವೆ. ನಾಲ್ಕಕ್ಕೆ ಎಚ್ಚರವಾದರೆ ಈಗ ಬೆಳಕು ಹರಿಯುವವರೆಗೆ ಕಾದು, ಅಮ್ಮನ ಬದಲು ನಾನೇ ಮೊಗ್ಗು ಕೊಯ್ಯುತ್ತೇನೆ. ಅಮ್ಮ ಜಗಲಿಯಲ್ಲಿ ಕುಳಿತು, ನೆನೆಸಿದ ಬಾಳೆನಾರನ್ನು ಬೆರಳಿಗೆ ಸುತ್ತಿಕೊಂಡು, ಮೊಗ್ಗುಗಳನ್ನು ಜೋಡಿಸಿ ಬಿಗಿಯುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವನ್ನು ಎಣಿಸುವ ಕೆಲಸ ನನ್ನದು. ನಡುವೆ ಎಣಿಕೆ ತಪ್ಪಿದರೆ, "ಮೊದಲಿನಿಂದ ಎಣಿಸು ಮಗಾ, ಹೂವಿನ ಗಾಡಿ ಬರಲು ಇನ್ನೂ ಹೊತ್ತಿದೆ" ಎನ್ನುತ್ತಾರೆ. ನಾನು ಮೊದಲಿನಿಂದ ಎಣಿಸುತ್ತೇನೆ.