ಹೆಪಟೈಟಿಸ್ ಎ ಲಸಿಕೆ: ಆಸ್ಪತ್ರೆ ಸಿಬ್ಬಂದಿಗೆ ಮೊದಲು ಐಜಿಜಿ ರಕ್ತಪರೀಕ್ಷೆ ಮಾಡಿಸಿ

ಆಸ್ಪತ್ರೆಯಲ್ಲಿ ಯಾರಾದರೂ 'ಹೆಪಟೈಟಿಸ್ ಇಂಜೆಕ್ಷನ್ ಆಗಿದೆ' ಎಂದರೆ ಸಾಮಾನ್ಯವಾಗಿ ಅದು ಹೆಪಟೈಟಿಸ್ (ಯಕೃತ್ತಿನ ಉರಿಯೂತ) ಬಿ ಲಸಿಕೆ. ಮಲದಿಂದ ಕೈ, ನೀರು, ಊಟದ ಮೂಲಕ ಹೊಟ್ಟೆ ಸೇರುವ ಎ ವೈರಸ್ಸಿಗೆ ಅದು ತಡೆಯಲ್ಲ. ಹಿಂದೆ ನಮ್ಮಲ್ಲಿ ಬಹುತೇಕರಿಗೆ ಎ ಸೋಂಕು ಬಾಲ್ಯದಲ್ಲೇ ಗೊತ್ತಾಗದಂತೆ ಬಂದುಹೋಗಿ ಜೀವಮಾನದ ರಕ್ಷಣೆ ಉಳಿಯುತ್ತಿತ್ತು. ಶುದ್ಧ ನೀರು ಕುಡಿದು ಬೆಳೆದ ಈಗಿನ ನರ್ಸಿಂಗ್ ವಿದ್ಯಾರ್ಥಿಗಳು, ಕಿರಿಯ ವೈದ್ಯರಲ್ಲಿ ಅನೇಕರಿಗೆ ಅದಿಲ್ಲ. ದೊಡ್ಡವರಿಗೆ ಬಂದರೆ ಕಾಮಾಲೆ ವಾರಗಟ್ಟಲೆ ಮಲಗಿಸುತ್ತದೆ.

ಮೊದಲು ಪರೀಕ್ಷಿಸಬೇಕಾದವರ ಪಟ್ಟಿ ಮಾಡಿ: ಮಕ್ಕಳ ವಾರ್ಡ್, ಲ್ಯಾಬ್, ಲಾಂಡ್ರಿ, ಹೌಸ್‌ಕೀಪಿಂಗ್, ಕ್ಯಾಂಟೀನ್. ಗುತ್ತಿಗೆಯವರನ್ನು ಬಿಡಬೇಡಿ.

ಎರಡನೆಯದು ರಕ್ತಪರೀಕ್ಷೆ. ಹೆಚ್ಚು ಎಡವುವುದು ಇಲ್ಲೇ. ಚೀಟಿಯಲ್ಲಿ ಬರೀ 'ಹೆಪಟೈಟಿಸ್ ಎ' ಎಂದಿದ್ದರೆ ಲ್ಯಾಬಿನವರು ಐಜಿಎಂ ಮಾಡಿ ಕಳಿಸಬಹುದು. ಅದು ಈಗಿನ ಸೋಂಕನ್ನು ಹಿಡಿಯುವ ಪರೀಕ್ಷೆ. ಆರೋಗ್ಯವಂತರಲ್ಲಿ ನೆಗೆಟಿವ್ ಬರುವುದು ಸಹಜ, ರಕ್ಷಣೆ ಇದೆಯೋ ಇಲ್ಲವೋ ಅದರಿಂದ ತಿಳಿಯದು. 'ಆಂಟಿ ಎಚ್‌ಎವಿ ಐಜಿಜಿ' ಎಂದು ಪೂರ್ತಿ ಬರೆಯಿರಿ; ಎಚ್‌ಎವಿ ಎಂದರೆ ಹೆಪಟೈಟಿಸ್ ಎ ವೈರಸ್, ಐಜಿಜಿ ಅದರ ವಿರುದ್ಧ ರಕ್ತದಲ್ಲಿ ಉಳಿಯುವ ಪ್ರತಿಕಾಯ. ಐಜಿಜಿ ಪಾಸಿಟಿವ್ ಎಂದರೆ ರಕ್ಷಣೆ ಇದೆ, ಲಸಿಕೆ ಬೇಡ. ರಿಪೋರ್ಟ್ ಕೈಗಿಡುವಾಗಲೇ ಇದನ್ನು ಬಿಡಿಸಿ ಹೇಳಿ. 'ಪಾಸಿಟಿವ್' ಕಂಡು ಆಯಾಗಳು ಗಾಬರಿಯಾಗುತ್ತಾರೆ. 'ಚಿಕ್ಕಂದಿನಲ್ಲಿ ಜಾಂಡೀಸ್ ಬಂದಿತ್ತು' ಎಂಬ ಮಾತನ್ನು ದಾಖಲೆಯಾಗಿ ಒಪ್ಪಬೇಡಿ. ಅದು ಹೆಪಟೈಟಿಸ್ ಇ ಕೂಡ ಆಗಿರಬಹುದು.

ಐಜಿಜಿ ನೆಗೆಟಿವ್ ಇದ್ದವರಿಗೆ ನಿಷ್ಕ್ರಿಯ (ಸತ್ತ ವೈರಸ್ಸಿನ) ಲಸಿಕೆ, ವಯಸ್ಕರ 1 ಮಿ.ಲೀ. ಡೋಸ್, ತೋಳಿನ ಮೇಲ್ಭಾಗದ ಸ್ನಾಯುವಿಗೆ. ಪೃಷ್ಠಕ್ಕೆ ಬೇಡ. ವಯಸ್ಕರದ್ದು ಸಿಗಲಿಲ್ಲವೆಂದು ಮಕ್ಕಳ 0.5 ಮಿ.ಲೀ. ಕೊಟ್ಟು ಮುಗಿಸುವುದು ತಪ್ಪು, ಅದರಲ್ಲಿರುವುದು ಅರ್ಧ ಔಷಧ. ಒಂದೇ ಡೋಸಿನ ಜೀವಂತ ಲಸಿಕೆಯೂ ಇದೆ, ಆದರೆ ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಅದು ಸಲ್ಲ. ಸಿಬ್ಬಂದಿಗೆಲ್ಲ ನಿಷ್ಕ್ರಿಯವನ್ನೇ ತರಿಸಿ. 2ರಿಂದ 8 ಡಿಗ್ರಿಯಲ್ಲಿಡಿ. ಐಸ್ ಪ್ಯಾಕಿಗೆ ತಾಗಿ ಹೆಪ್ಪುಗಟ್ಟಿದ್ದರೆ ಕರಗಿಸಿ ಬಳಸದೆ ಎಸೆಯಿರಿ.

ಎರಡನೇ ಡೋಸ್ 6ರಿಂದ 12 ತಿಂಗಳೊಳಗೆ. ಅಷ್ಟರಲ್ಲಿ ವಾರ್ಡ್ ಬದಲಾಗಿ ಜನ ಕೈತಪ್ಪುತ್ತಾರೆ, ಹಾಗಾಗಿ ಮೊದಲ ದಿನವೇ ತಾರೀಖು, ಮೊಬೈಲ್ ನಂಬರ್ ರಿಜಿಸ್ಟರಿನಲ್ಲಿ ಬರೆಸಿ. ತಡವಾಗಿದ್ದರೆ ಎರಡನೆಯದನ್ನೇ ಕೊಡಿ, ಮೊದಲಿಂದ ಶುರುಮಾಡಬೇಕಿಲ್ಲ. ಆಮೇಲೆ ಮತ್ತೆ ಐಜಿಜಿ ಮಾಡಿಸುವುದು ದಂಡ; ಲಸಿಕೆಯಿಂದ ಬಂದ ಕಡಿಮೆ ಮಟ್ಟವನ್ನು ಕೆಲವು ಪರೀಕ್ಷಾ ಕಿಟ್‌ಗಳು ಹಿಡಿಯುವುದಿಲ್ಲ.

ಲಸಿಕೆಯಾಗದವರು ಹೆಪಟೈಟಿಸ್ ಎ ರೋಗಿಯ ಮಲ ಮುಟ್ಟಿದ್ದು ಗೊತ್ತಾದರೆ 14 ದಿನದೊಳಗೆ ಒಂದು ಡೋಸ್ ಕೊಡಿ. ಆಲ್ಕೋಹಾಲ್ ಹ್ಯಾಂಡ್‌ರಬ್ ನೆಚ್ಚಬೇಡಿ, ಸೋಪು ನೀರಿನಲ್ಲೇ ತೊಳೆಯಬೇಕು. ಸಿಬ್ಬಂದಿಗೇ ಕಾಮಾಲೆ ಬಂದರೆ, ಕಣ್ಣು ಹಳದಿಯಾದ ದಿನದಿಂದ ಕನಿಷ್ಠ 7 ದಿನ ರೋಗಿಗಳ ಹತ್ತಿರವಾಗಲಿ ಅಡುಗೆಮನೆಗಾಗಲಿ ಕಳಿಸಬೇಡಿ.