ಆಕಾಶದಲ್ಲಿ ಮೂರು ಹದ್ದು

2022ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನ ಗಿರಿಗಳಲ್ಲಿ ಕುರಿಂಜಿ ಅರಳಿದಾಗ ಊರಿಗೆ ಊರೇ ಬೆಟ್ಟ ಹತ್ತಿತ್ತು. ನಾನೂ ಹತ್ತಿದ್ದೆ. ನೆಟ್ಟಗೆ ನಿಲ್ಲಲು ಬಿಡದ ಆ ಗಾಳಿಯಲ್ಲೇ ನಾಲ್ಕೈದು ಸಲ ಲೆನ್ಸ್ ಬದಲಿಸಿದೆ. ಆಮೇಲೆ ಹೋಂಸ್ಟೇಯೊಂದರ ಯಜಮಾನರಿಗೆ ಅಲ್ಲಿಯದೊಂದು ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಟ್ಟೆ. ಅವರು ದೂರ ನಿಂತು ನೋಡಿ, "ಬೆಟ್ಟಕ್ಕಿಂತ ಆ ಮೂರು ಹದ್ದುಗಳೇ ಚೆನ್ನಾಗಿ ಬಂದಿವೆ ನೋಡಿ" ಎಂದರು. ನಾನು ಹೂಂಗುಟ್ಟಿದೆ. ಅಂದು ಆಕಾಶದಲ್ಲಿ ಒಂದು ಹಕ್ಕಿಯೂ ಇರಲಿಲ್ಲ.

ಹದ್ದುಗಳು ಕೂತಿದ್ದು ನನ್ನ ಕ್ಯಾಮೆರಾದ ಸೆನ್ಸರಿನ, ಅಂದರೆ ಬೆಳಕನ್ನು ಹಿಡಿಯುವ ಚಿಪ್ಪಿನ, ಮುಂದಿರುವ ತೆಳುಗಾಜಿನ ಫಿಲ್ಟರಿನ ಮೇಲೆ. ಸೆನ್ಸರಿಗೆ ಧೂಳು ಎಂದು ನಾವು ಹೇಳುವುದೆಲ್ಲ ಈ ಗಾಜಿನ ಧೂಳನ್ನೇ. ಮದುವೆಮನೆಯಲ್ಲಿ ಲೆನ್ಸಿನ ಕಿಂಡಿಯನ್ನು ಅಗಲಕ್ಕೆ ತೆರೆದು ಎಫ್/2.8ರಲ್ಲಿ ತೆಗೆಯುವಾಗ ಅದರ ನೆರಳು ಹರಡಿ ಕರಗಿಹೋಗುತ್ತದೆ, ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಬೆಟ್ಟಕ್ಕೆ ಹೋಗಿ ಕಿಂಡಿಯನ್ನು ಎಫ್/16ಕ್ಕೆ ಕಿರಿದಾಗಿಸಿದರೆ ಸಾಕು, ಚುಕ್ಕೆ ಮೂಡುತ್ತದೆ.

ಗಾಬರಿಯಲ್ಲಿ ಮಾಡಿದ ಮೊದಲ ಕೆಲಸ, ಒಲೆ ಊದಿದ ಹಾಗೆ ಬಾಯಿಂದ ಊದಿದ್ದು. ಉಗುಳಿನ ಹನಿ ಸಿಡಿದು ಹದ್ದುಗಳ ಜೊತೆಗೆ ಗುಬ್ಬಿಗಳ ಹಿಂಡೂ ಸೇರಿಕೊಂಡಿತು. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಯೂ ಬೇಡ, ಅದರೊಳಗಿನ ದ್ರವ ಸಿಡಿದರೆ ಇನ್ನೊಂದು ಕಲೆ.

ಈಗ ಮೊದಲು ಪರೀಕ್ಷೆ. ಬಿಳಿಗೋಡೆಗೆ ಹತ್ತಿರ ನಿಂತು, ಫೋಕಸ್ ಕೆಡಿಸಿ, ಎಫ್/22ರಲ್ಲಿ ಕ್ಯಾಮೆರಾವನ್ನು ಸ್ವಲ್ಪ ಅಲ್ಲಾಡಿಸುತ್ತಲೇ ಒಂದು ಚಿತ್ರ ತೆಗೆಯುತ್ತೇನೆ. ಗೋಡೆಯ ಗೆರೆಗಳು ಕಲಸಿಹೋಗುತ್ತವೆ, ಧೂಳು ಮಾತ್ರ ಕದಲುವುದಿಲ್ಲ. ಬಿಂಬ ತಲೆಕೆಳಗಾಗಿ ಬೀಳುವುದರಿಂದ ಚಿತ್ರದ ಮೇಲ್ತುದಿಯ ಚುಕ್ಕೆ ಸೆನ್ಸರಿನ ಕೆಳತುದಿಯಲ್ಲಿರುತ್ತದೆ. ಕ್ಯಾಮೆರಾವನ್ನು ಎದುರಿಟ್ಟು ನೋಡಿದರೆ ಎಡ ಎಡವೇ, ಬಲ ಬಲವೇ. ಇದು ತಿಳಿಯುವವರೆಗೆ ನಾನು ಧೂಳಿಲ್ಲದ ಜಾಗವನ್ನೇ ಊದುತ್ತಿದ್ದೆ.

ಬೆಳಿಗ್ಗೆ ನೆಲ ಒರೆಸಿ, ಫ್ಯಾನ್ ಆರಿಸಿ, ಅರ್ಧ ಗಂಟೆ ಬಿಟ್ಟು ಕೂರುತ್ತೇನೆ. ಬ್ಯಾಟರಿ ತುಂಬಿರಲೇಬೇಕು. ನಡುವೆ ಕೈಕೊಟ್ಟರೆ, ಸೆನ್ಸರ್ ಕಾಣಲೆಂದು ಎತ್ತಿಟ್ಟ ಕ್ಯಾಮೆರಾದ ಒಳಗಿನ ಕನ್ನಡಿ ಬ್ರಷ್ಷಿನ ಮೇಲೋ ಸ್ವಾಬ್ ಎಂಬ ಒರೆಸುವ ಕಡ್ಡಿಯ ಮೇಲೋ ಬಂದು ಬಡಿಯುತ್ತದೆ. ರಬ್ಬರ್ ಬ್ಲೋಯರನ್ನು ಮೊದಲು ಹೊರಗೆ ನಾಲ್ಕು ಸಲ ಒತ್ತಿ ಅದರ ಹೊಟ್ಟೆಯ ಧೂಳನ್ನು ಕಳೆಯುತ್ತೇನೆ. ಆಮೇಲೆ ಕ್ಯಾಮೆರಾದ ಬಾಯಿಯನ್ನು ನೆಲದ ಕಡೆಗೆ ಹಿಡಿದು, ಬ್ಲೋಯರಿನ ಮೂತಿ ಒಳಗೆ ತೂರದಂತೆ ಕೆಳಗಿನಿಂದ ಊದುತ್ತೇನೆ. ಹತ್ತಕ್ಕೆ ಎಂಟು ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಉಗುಳು, ಶಟರಿನ ಎಣ್ಣೆ ಮಾತ್ರ ಗಾಳಿಗೆ ಬಗ್ಗುವುದಿಲ್ಲ. ನನ್ನದು ಎಪಿಎಸ್-ಸಿ ಎಂಬ ಸಣ್ಣ ಅಳತೆಯ ಸೆನ್ಸರ್, ಎತ್ತರ ಹದಿನಾರು ಮಿಲಿಮೀಟರಿನ ಆಸುಪಾಸು. ಸ್ವಾಬ್ ಕೂಡ ಅಷ್ಟೇ ಅಗಲದ್ದು. ಅದಕ್ಕಿಂತ ದೊಡ್ಡದಾದ ಫುಲ್‌ಫ್ರೇಮ್ ಸೆನ್ಸರಿಗೆ 24ರದ್ದು ಬೇಕು. ಸ್ವಾಬಿನ ಅಂಚಿಗೆ ಸೆನ್ಸರ್ ಒರೆಸುವ ದ್ರವದ ಎರಡೇ ಹನಿ, ಅದು ಹೀರಿಕೊಳ್ಳುವಷ್ಟು ಹೊತ್ತು ತಾಳ್ಮೆ. ಎಡದಿಂದ ಬಲಕ್ಕೆ ಒಂದೇ ಎಳೆತ. ಸ್ವಾಬನ್ನು ಎತ್ತದೆ ಇನ್ನೊಂದು ಮೈಗೆ ವಾಲಿಸಿ ಬಲದಿಂದ ಎಡಕ್ಕೆ. ಅಷ್ಟೇ, ಅದನ್ನು ಕಸದ ಬುಟ್ಟಿಗೆ ಎಸೆಯಬೇಕು. ಇನ್ನೂ ಚೆನ್ನಾಗಿದೆಯಲ್ಲ ಎಂದು ಅದನ್ನೇ ಮತ್ತೆ ಎಳೆದರೆ, ಒರೆಸಿ ತೆಗೆದ ಮರಳಿನ ಕಣದಿಂದಲೇ ಗಾಜು ಗೀರಬಹುದು. ಮೊದಲ ಸಲ ನಾನು ಐದು ಹನಿ ಹಾಕಿ, ಒಣಗಿದ ಮೇಲೆ ಉಳಿದ ಪಟ್ಟೆಗಳನ್ನು ತೆಗೆಯಲು ಇನ್ನೂ ಎರಡು ಸ್ವಾಬ್ ದಂಡ ತೆತ್ತೆ.

ಲೆನ್ಸ್ ಬದಲಿಸುವಾಗ ಗಾಳಿಗೆ ಬೆನ್ನು, ಕ್ಯಾಮೆರಾ ಆಫ್, ಬಾಯಿ ಕೆಳಕ್ಕೆ. ಲೆನ್ಸಿನ ಹಿಂಬದಿ ಮುಚ್ಚಳದೊಳಗೂ ಊದುತ್ತೇನೆ. ಜೇಬಿನಲ್ಲಿ ಹಾಕಿಕೊಂಡ ಮುಚ್ಚಳದಷ್ಟು ಧೂಳು ಬೆಟ್ಟದಲ್ಲೂ ಇರುವುದಿಲ್ಲ!

ಧೂಳಾದರೂ ಒಂದು ದಿನದ ತಾಪತ್ರಯ. ನಮ್ಮ ಮಳೆಗಾಲದ ಥಂಡಿ ಹಾಗಲ್ಲ. ಜೂನ್ ಹಿಡಿದರೆ ಚರ್ಮದ ಚೀಲಕ್ಕೆ ವಾರದಲ್ಲಿ ಬೂಷ್ಟು ಬರುತ್ತದೆ, ಗಾಜನ್ನೂ ಬಿಡುವುದಿಲ್ಲ. ಹಾಗಾಗಿ ಚೀಲ ಬಿಟ್ಟೆ. ಬಿಗಿ ಮುಚ್ಚಳದ ಡಬ್ಬಿ, ತೇವಮಾಪಕ, ಸಿಲಿಕಾ ಜೆಲ್. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ. ಸಿಲಿಕಾ ಜೆಲ್ಲಿನ ನೀಲಿ ಹರಳುಗಳು ತೇವ ಕುಡಿದು ಗುಲಾಬಿಯಾದಾಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದು ಮತ್ತೆ ನೀಲಿಗೆ ತರುತ್ತೇನೆ. ಆ ಬಾಣಲೆ ಇನ್ನು ಅಡುಗೆಮನೆಯೊಳಕ್ಕೆ ಬರಕೂಡದೆಂದು ಮನೆಯವಳ ಆಜ್ಞೆ. ನೀಲಿ ಬಣ್ಣಕ್ಕೆ ಬಳಸುವುದು ಕೋಬಾಲ್ಟಿನ ಲವಣ, ಹೊಟ್ಟೆಗೆ ಹೋಗಬಾರದ್ದು. ಆದ್ದರಿಂದ ಒಲೆಯೂ ಈಗ ಹಿತ್ತಿಲಲ್ಲೇ.