ಒಟ್ಟು ಮೊತ್ತದ ಒತ್ತು ಎಲ್ಲಿ ಹೋಯ್ತು?

ಬೆಳಿಗ್ಗೆ ಆರೂಕಾಲು. ತುಮಕೂರು ಕಡೆಯ ಒಂದು ಹಳ್ಳಿಯ ಹಾಲಿನ ಡೈರಿ. ಚೊಂಬು, ಸ್ಟೀಲ್ ಕ್ಯಾನು ಹಿಡಿದ ಜನ ಸಾಲಾಗಿ ನಿಂತಿದ್ದರು. ಸೆಕ್ರೆಟರಿ ಒಂದು ಕೈಯಲ್ಲಿ ಸ್ಯಾಂಪಲ್ ತೆಗೆಯುತ್ತಾ, ಇನ್ನೊಂದು ಕೈಯ ಒದ್ದೆ ಬೆರಳಲ್ಲೇ ಫೋನ್ ಒತ್ತುತ್ತಿದ್ದರು. ಅದರಲ್ಲಿದ್ದದ್ದು ನಾವು ಮಾಡಿದ ಆ್ಯಪ್. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎಷ್ಟು, ಬಟವಾಡೆಗೆ ಎಷ್ಟು ದುಡ್ಡು ಬರುತ್ತೆ ಅನ್ನುವ ಲೆಕ್ಕ. ಇದ್ದಕ್ಕಿದ್ದ ಹಾಗೆ ಅವರು ಫೋನನ್ನು ನನ್ನ ಕಡೆ ತಿರುಗಿಸಿದರು.

"ಏನ್ ಸಾರ್ ಇದು, ಒಟು ಮೊತ?"

ನೋಡಿದೆ. "ಒಟ್ಟು ಮೊತ್ತ" ಇರಬೇಕಾದ ಕಡೆ ನಿಜವಾಗಿಯೂ "ಒಟು ಮೊತ" ಅಂತಿತ್ತು. ಕೆಳಗಿನ ಒತ್ತುಗಳನ್ನು ಯಾರೋ ಕತ್ತರಿ ಹಿಡಿದು ಸಾಲಾಗಿ ಕತ್ತರಿಸಿದ ಹಾಗೆ. ಸಾಲಿನಲ್ಲಿದ್ದ ಅಜ್ಜ ಒಬ್ಬರು ಇಣುಕಿ ನೋಡಿ, "ಅಕ್ಷರ ಕತ್ರಿಸಿದ ಹಂಗೆ ದುಡ್ಡೂ ಕತ್ರಿಸ್ತೀರೇನಪ್ಪ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ.

ವಾಪಸ್ ಬರುವಾಗ ಕಾರಿನಲ್ಲಿ ನಾನು, ನಮ್ಮ ಡಿಸೈನರ್ ಇಬ್ಬರೇ. ಅವರು ಪುತ್ತೂರು ಕಡೆಯವರು. ದಾಬಸ್‌ಪೇಟೆ ಬರುವ ತನಕ ಇಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ಶುರುವಾಯಿತು.

"ಫಿಗ್ಮಾದಲ್ಲಿ ಸರಿಯಾಗಿಯೇ ಉಂಟಲ್ಲ ಮಾರಾಯ್ರೆ. ನೀವು ಕೋಡ್ ಮಾಡುವಾಗ ಎಂಥದೋ ಮಾಡಿದ್ದೀರಿ." ಫಿಗ್ಮಾ ಅಂದರೆ ಅವರು ಸ್ಕ್ರೀನ್ ಬಿಡಿಸುವ ಸಾಫ್ಟ್‌ವೇರ್.

"ನೀವು ಎತ್ತರ 20 ಅಂತ ಕೊಟ್ಟಿದ್ರಿ. ನಾನು 20 ಹಾಕಿದ್ದೀನಿ. ಒಂದು ಪಿಕ್ಸೆಲ್ ಆಚೀಚೆ ಮಾಡಿಲ್ಲ."

ಇಬ್ಬರು ಹೇಳಿದ್ದೂ ನಿಜ. ತಮಾಷೆ ಇರೋದೇ ಅಲ್ಲಿ.

ಆಫೀಸಿಗೆ ಬಂದು ನೋಡಿದಾಗ ಕಾರಣ ಸಿಕ್ಕಿತು. ಸೆಕ್ರೆಟರಿಗೆ ವಯಸ್ಸು ಐವತ್ತು ದಾಟಿದೆ. ಕನ್ನಡಕ ಹಾಕಿಕೊಳ್ಳೋಕೆ ಬೇಸರ. ಫೋನಿನ ಸೆಟ್ಟಿಂಗ್‌ನಲ್ಲಿ ಅಕ್ಷರದ ಗಾತ್ರವನ್ನು ಪೂರ್ತಿ ದೊಡ್ಡದು ಮಾಡಿಕೊಂಡಿದ್ದರು. ಆ್ಯಂಡ್ರಾಯ್ಡ್‌ನಲ್ಲಿ ಅಕ್ಷರದ ಅಳತೆಯನ್ನು ನಾವು ಎಸ್‌ಪಿ ಅನ್ನುವ ಮಾನದಲ್ಲಿ ಕೊಡುತ್ತೇವೆ, ಅದು ಬಳಸುವವರ ಸೆಟ್ಟಿಂಗ್ ಜೊತೆ ಬೆಳೆಯುತ್ತದೆ. ಪರದೆಯ ಮೇಲೆ ಆ ಅಕ್ಷರ ಕೂರುವ ಡಬ್ಬದ ಅಳತೆ ಡಿಪಿ ಅನ್ನುವ ಮಾನದಲ್ಲಿ, ಅದು ಬೆಳೆಯಲ್ಲ. ಅವರದ್ದು ಹಳೇ ಫೋನು, 1.3 ಪಟ್ಟು ದೊಡ್ಡದಾಗುತ್ತಿತ್ತು. 14ರ ಅಕ್ಷರ 18 ದಾಟಿತು. ಡಬ್ಬ ಮಾತ್ರ 20ರಲ್ಲೇ ಕೂತಿತ್ತು. ಇಂಗ್ಲಿಷಿನ "ಟೋಟಲ್" ಆಗಿದ್ದರೆ ಅಷ್ಟರಲ್ಲೇ ಹೇಗೋ ತೂರಿಕೊಳ್ಳುತ್ತಿತ್ತು. ನಮ್ಮ ಅಕ್ಷರಕ್ಕೆ ಮೇಲೆ ತಲಕಟ್ಟು, ಗುಡಿಸು ಬೇಕು, ಕೆಳಗೆ ಒತ್ತು ಬೇಕು. ಮೇಲಿನದ್ದು ಉಳಿಯಿತು, ಕೆಳಗಿನದ್ದು ಹೋಯಿತು. (ಆ್ಯಂಡ್ರಾಯ್ಡ್ 14ರಿಂದ ಅಕ್ಷರವನ್ನು ಎರಡು ಪಟ್ಟಿನವರೆಗೂ ಹಿಗ್ಗಿಸಬಹುದು. ಆ ಫೋನ್ ಇದ್ದಿದ್ದರೆ ತಲಕಟ್ಟೂ ಉಳಿಯುತ್ತಿರಲಿಲ್ಲ.)

ಆಮೇಲೆ ಡಿಸೈನರ್‌ನ ಕೇಳಿದೆ, "ಈ 20 ಎಲ್ಲಿಂದ ಬಂತು?" ಮೊದಲು ಇಂಗ್ಲಿಷಿನಲ್ಲಿ ಸ್ಕ್ರೀನ್ ಮಾಡಿದ್ದರಂತೆ. ಅದಕ್ಕೆ 20 ಚೆನ್ನಾಗಿ ಕಂಡಿತ್ತು. ಅನುವಾದ ಬಂದಮೇಲೆ ಕನ್ನಡದ ಪದವನ್ನು ಅದೇ ಡಬ್ಬಕ್ಕೆ ಅಂಟಿಸಿದ್ದರು. ಹಾಗಾದರೆ 20 ಅನ್ನೋದು ತೀರ್ಮಾನವೇ ಅಲ್ಲ, ಸುಮ್ನೆ ಉಳಿದುಕೊಂಡ ಸಂಖ್ಯೆ. ನಾನು ಅದನ್ನು ದೇವರ ವಾಕ್ಯ ಅಂದುಕೊಂಡು ಕೋಡ್‌ಗೆ ಇಳಿಸಿದ್ದೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಡಿಸೈನ್ ಅಂದರೆ ಫೋಟೋಶಾಪ್ ಫೈಲು. ಈಮೇಲ್‌ನಲ್ಲಿ ಬರುತ್ತಿತ್ತು, ಸ್ಕೇಲ್ ಹಿಡಿದು ಅಳೆಯುತ್ತಿದ್ದೆವು. ಆಮೇಲೆ ಅಳತೆಗಳನ್ನು ತಾನೇ ತೋರಿಸುವ ಝೆಪ್ಲಿನ್ ಬಂತು. 2016ರಲ್ಲಿ ಫಿಗ್ಮಾ ಎಲ್ಲರಿಗೂ ತೆರೆಯಿತು, 2023ರಲ್ಲಿ ಅದಕ್ಕೆ ಡೆವಲಪರ್‌ಗಳಿಗೆ ಅಂತಲೇ ಡೆವ್ ಮೋಡ್ ಸೇರಿಸಿದರು. ಎಲ್ಲವೂ ಒಳ್ಳೆಯವೇ. ಆದರೆ ಇವು ಎತ್ತರ 20 ಅಂತ ತೋರಿಸುತ್ತವೆ. ಯಾಕೆ 20 ಅಂತ ತೋರಿಸಲ್ಲ. ಅದನ್ನು ಪಕ್ಕದಲ್ಲಿ ಕೂತವರನ್ನೇ ಕೇಳಬೇಕು. ನಾನು ಆರು ತಿಂಗಳು ಕೇಳಿರಲಿಲ್ಲ. ಅವರೂ ಅಷ್ಟೇ, ನನ್ನ ಸ್ಕ್ರೀನ್ ಕಡೆ ತಿರುಗಿ ನೋಡಿರಲಿಲ್ಲ. ನಮ್ಮ ಮೇಜುಗಳ ನಡುವೆ ಹತ್ತು ಅಡಿಯೂ ಇರಲಿಲ್ಲ ಅನ್ನೋದು ಬೇರೆ ಮಾತು.

ಮೊದಲು ಮಾಡಿದ್ದು ತಪ್ಪು ಮದ್ದು. ದೊಡ್ಡ ದಾಖಲೆ ಬರೆಸಿದೆವು. ಪ್ರತಿ ಸ್ಕ್ರೀನಿಗೂ ಅಳತೆ, ಬಣ್ಣ, ಅಂತರ, ಸೂಚನೆ. ಡಿಸೈನರ್ ಮೂರು ವಾರ ಅದರಲ್ಲೇ ಕೂತರು. ನಾನು ಎರಡು ಪುಟ ಓದಿ ಬಿಟ್ಟೆ. ಆಮೇಲೆ ದಿನಾ ಬೆಳಿಗ್ಗೆ ಮೀಟಿಂಗ್ ಅಂತ ಮಾಡಿದೆವು. ಅದರಲ್ಲಿ "ಎಲ್ಲಾ ಸರಿ ಇದೆ" ಅನ್ನೋದು ಬಿಟ್ಟರೆ ಯಾರೂ ಏನೂ ಹೇಳುತ್ತಿರಲಿಲ್ಲ.

ಕೆಲಸಕ್ಕೆ ಬಂದದ್ದು ಒಂದು ಪಟ್ಟಿ. ನಾವು ಅದಕ್ಕೆ "ಕೆಟ್ಟ ಪಟ್ಟಿ" ಅಂತಲೇ ಹೆಸರಿಟ್ಟೆವು.

ಅದು ಹುಟ್ಟಿದ್ದು ಹೀಗೆ. ಫಿಗ್ಮಾದ ಸ್ಕ್ರೀನಿನಲ್ಲಿ ಸದಸ್ಯರ ಹೆಸರು ರವಿ, ಗೀತಾ, ಸುಮಾ. ಎಷ್ಟು ಚೆಂದ, ಎಷ್ಟು ಗಿಡ್ಡ! ಡೈರಿಯ ರಿಜಿಸ್ಟರ್ ತೆಗೆದು ನೋಡಿದರೆ "ಹನುಮಂತರಾಯಪ್ಪ ಬಿನ್ ಲೇಟ್ ಚಿಕ್ಕತಿಮ್ಮಯ್ಯ." ಒಂದೇ ಊರಲ್ಲಿ ನಾಲ್ಕು ಜನ ಲಕ್ಷ್ಮಮ್ಮ. ಯಾರು ಯಾರು ಅಂತ ಗೊತ್ತಾಗೋದು "ಕೋಂ" ಆದಮೇಲೆ ಬರುವ ಗಂಡನ ಹೆಸರಿನಿಂದ. ನಮ್ಮ ಆ್ಯಪ್ ಜಾಗ ಸಾಲದೆ ಸರಿಯಾಗಿ ಅಲ್ಲಿಗೇ ಮೂರು ಚುಕ್ಕಿ ಇಡುತ್ತಿತ್ತು. ಪರದೆಯ ಮೇಲೆ ಒಂದರ ಕೆಳಗೆ ಒಂದು, ನಾಲ್ಕು ಸಲ "ಲಕ್ಷ್ಮಮ್ಮ ಕೋಂ…" ಅಂತ ಬರುತ್ತಿತ್ತು. ಸೆಕ್ರೆಟರಿ ಯಾವುದನ್ನು ಒತ್ತಬೇಕು ಹೇಳಿ? ಒಬ್ಬರ ಹಾಲು ಇನ್ನೊಬ್ಬರ ಲೆಕ್ಕಕ್ಕೆ ಹೋದರೆ ಬಟವಾಡೆ ದಿನ ಜಗಳ ಗ್ಯಾರಂಟಿ.

ಚೀಟಿಯದ್ದು ಇನ್ನೊಂದು ಕತೆ. ಹಾಲು ಹಾಕಿದವರಿಗೆ ಕೊಡುವ ಸಣ್ಣ ಚೀಟಿಯಲ್ಲಿ ಜಾಗ ಕಡಿಮೆ. "ಹೆಸರು 8 ಅಕ್ಷರಕ್ಕೆ ನಿಲ್ಲಿಸಿ" ಅಂತ ಡಿಸೈನ್‌ನಲ್ಲಿ ಬರೆದಿತ್ತು. ನಾನು ಕೋಡ್‌ನಲ್ಲಿ 8ಕ್ಕೆ ಕತ್ತರಿಸಿದೆ. ಲಕ್ಷ್ಮಮ್ಮ ಅನ್ನೋದು ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರ್‌ಗೆ ಒಂಬತ್ತು. ಯೂನಿಕೋಡ್‌ನಲ್ಲಿ ಒಂದೊಂದು ಒತ್ತಕ್ಷರವೂ ಮೂಲ ಅಕ್ಷರ, ಅರ್ಧಾಕ್ಷರ ಮಾಡುವ ಚಿಹ್ನೆ, ಮತ್ತೆ ಅಕ್ಷರ ಅಂತ ಬಿಡಿಬಿಡಿಯಾಗಿ ಕೂತಿರುತ್ತದೆ. ಒಂಬತ್ತರಲ್ಲಿ ಎಂಟು ಉಳಿಸಿಕೊಂಡೆ. ಚೀಟಿಯಲ್ಲಿ "ಲಕ್ಷ್ಮಮ್" ಅಂತ ಬಂತು. ದಿಲ್ಲಿಯವರು ಬಂದು ಹೆಸರಿಟ್ಟ ಹಾಗೆ. ಇದು ಪೂರ್ತಿ ನನ್ನ ತಪ್ಪು. "ಅಕ್ಷರ" ಅಂದರೆ ಅವರು ಕಣ್ಣಿಗೆ ಕಾಣೋದನ್ನು ಹೇಳುತ್ತಿದ್ದಾರೆ, ನಾನು ಮೆಮೊರಿಯಲ್ಲಿ ಇರೋದನ್ನು ಎಣಿಸುತ್ತಿದ್ದೇನೆ ಅಂತ ಹೊಳೆಯಬೇಕಿತ್ತು. ಪದ ಒಂದೇ, ಅರ್ಥ ಎರಡು. ನಮ್ಮ ಜಗಳಗಳಲ್ಲಿ ಮುಕ್ಕಾಲು ಪಾಲು ಹೀಗೇ ಹುಟ್ಟಿದ್ದು.

ಕೆಟ್ಟ ಪಟ್ಟಿಗೆ ಇವೆಲ್ಲ ಸೇರಿದವು. ರಿಜಿಸ್ಟರ್‌ನ ಅತಿ ಉದ್ದದ ಹೆಸರು. ನಾಲ್ಕು ಲಕ್ಷ್ಮಮ್ಮ. ಎರಡು ಒತ್ತು ಇರುವ "ರಾಷ್ಟ್ರ", "ಸ್ತ್ರೀ". ಸೊನ್ನೆ ಲೀಟರ್. ₹10,24,350.50 (ಡಿಸೈನ್‌ನಲ್ಲಿ ಇದು ಅಮೆರಿಕದವರ ಥರ 1,024,350.50 ಅಂತಿತ್ತು). ಯಾರೂ ಹಾಲು ಹಾಕದ ದಿನ. ನೆಟ್‌ವರ್ಕ್ ಇಲ್ಲದ ಬೆಳಿಗ್ಗೆ. ಯಾವ ಸ್ಕ್ರೀನಾದರೂ ಸರಿ, ಡಿಸೈನರ್ ಈ ಪಟ್ಟಿಯ ಮಾತುಗಳನ್ನೇ ಹಾಕಿ ಬಿಡಿಸಬೇಕು, ನಾನು ಅವನ್ನೇ ಹಾಕಿ ಓಡಿಸಬೇಕು. ರವಿ, ಗೀತಾ ನಿಷೇಧ. ಜಾಗ ತುಂಬೋಕೆ ಡಿಸೈನರ್‌ಗಳು ಹಾಕುವ ಅರ್ಥವಿಲ್ಲದ ಲೋರೆಮ್ ಇಪ್ಸಮ್ ಅಂತೂ ಕೇಳಲೇಬೇಡಿ.

ಇದಾದಮೇಲೆ ಸದಸ್ಯರ ಪಟ್ಟಿಯ ರೂಪವೇ ಬದಲಾಯಿತು. ಮೊದಲು ಎಡಗಡೆ ಒಂದು ಬಣ್ಣದ ಉರುಟು, ಅದರೊಳಗೆ ಹೆಸರಿನ ಮೊದಲ ಅಕ್ಷರ. ನೋಡೋಕೆ ಲಕ್ಷಣ, ಉಪಯೋಗ ಸೊನ್ನೆ. ಅರ್ಧ ಊರೇ "ಲ", "ರಾ", "ಹ". ಅದನ್ನು ತೆಗೆದು ಸದಸ್ಯರ ನಂಬರನ್ನು ದೊಡ್ಡದಾಗಿ ಹಾಕಿದೆವು, ಯಾಕೆಂದರೆ ಡೈರಿಯಲ್ಲಿ ಜನ ಕ್ಯಾನ್ ಇಟ್ಟು ಹೇಳೋದು ಹೆಸರಲ್ಲ, ನಂಬರ್. ಹೆಸರು ಒಂದು ಸಾಲು, ಬಿನ್ ಅಥವಾ ಕೋಂ ಎರಡನೇ ಸಾಲು. ಮೂರು ಚುಕ್ಕಿ ಎಲ್ಲೂ ಇಲ್ಲ. ಡಿಸೈನರ್‌ಗೆ ಆ ಉರುಟು ತೆಗೆಯೋಕೆ ಮನಸ್ಸಿರಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದರು.

ಗುರುವಾರ ಊಟ ಆದಮೇಲೆ 20 ನಿಮಿಷ ಇಬ್ಬರೂ ಒಂದೇ ಮೇಜಿಗೆ ಕೂರೋಕೆ ಶುರು ಮಾಡಿದೆವು. ಲ್ಯಾಪ್‌ಟಾಪ್ ಮುಚ್ಚಿಟ್ಟು, ಅಗ್ಗದ ಹಳೇ ಫೋನ್ ಒಂದನ್ನೇ ಹಿಡಿದುಕೊಂಡು. ಅಕ್ಷರ ಪೂರ್ತಿ ದೊಡ್ಡದು, ಬೆರಳು ನೀರಲ್ಲಿ ಅದ್ದಿ, ಕಿಟಕಿಯ ಬಿಸಿಲಿಗೆ ಹಿಡಿದು, ಹೇಗಾದರೂ ಮಾಡಿ ಆ್ಯಪನ್ನು ಕೆಡಿಸಬೇಕು. ಕೆಟ್ಟದ್ದು ಕಂಡರೆ ಅಲ್ಲೇ ತೀರ್ಮಾನ. ಒದ್ದೆ ಬೆರಳಿಗೆ 32ರ ಬಟನ್ ಸಿಗುವುದಿಲ್ಲ ಅಂತ ಡಿಸೈನರ್ ಸ್ವತಃ ಕಂಡುಕೊಂಡರು. ಗೂಗಲ್ ಹೇಳೋದು ಕನಿಷ್ಠ 48 ಡಿಪಿ, ಅಂದರೆ ಸುಮಾರು 9 ಮಿಲಿಮೀಟರ್. ನಾನು ಅದನ್ನು ಮೂರು ಸಲ ಮೆಸೇಜ್‌ನಲ್ಲಿ ಕಳಿಸಿದ್ದೆ. ಪ್ರಯೋಜನ ಆಗಿರಲಿಲ್ಲ.

ಬಣ್ಣದ ವಿಷಯದಲ್ಲಿ ಮಾತ್ರ ನಾನು ನಡೆದುಕೊಂಡ ರೀತಿ ಸರಿ ಇರಲಿಲ್ಲ. ಚಿಕ್ಕ ಅಕ್ಷರಗಳಿಗೆ ಅವರು #999999 ಬೂದು ಬಣ್ಣ ಕೊಟ್ಟಿದ್ದರು. ಬಿಳಿಯ ಮೇಲೆ ಅದರ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅನುಪಾತ, 2.85 ಮಾತ್ರ. ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು ಅಂತ ವೆಬ್ ಮಾನದಂಡ ಹೇಳುತ್ತದೆ. ಬಿಸಿಲಲ್ಲಿ ಏನೂ ಕಾಣುತ್ತಿರಲಿಲ್ಲ. ನಾನು ಯಾರಿಗೂ ಹೇಳದೆ ಕೋಡ್‌ನಲ್ಲಿ #767676 ಮಾಡಿಬಿಟ್ಟೆ. ಅದು 4.54, ಪಾಸು. ಅದಕ್ಕಿಂತ ಒಂದೇ ಒಂದು ಮೆಟ್ಟಿಲು ತಿಳಿಯಾದ #777777 ಆದರೆ 4.48, ಫೇಲು. ನನಗೆ ಈ ಲೆಕ್ಕ ಗೊತ್ತು ಅಂತ ಒಳಗೊಳಗೇ ಜಂಬ. ತಿಂಗಳಾದಮೇಲೆ ಅವರ ಕಣ್ಣಿಗೆ ಬಿತ್ತು. "ಬಣ್ಣ ಬದಲಾಯಿಸಿದ್ದಕ್ಕೆ ಬೇಜಾರಿಲ್ಲ ಮಾರಾಯ್ರೆ. ನನ್ನತ್ರ ಒಂದು ಮಾತು ಹೇಳಬಹುದಿತ್ತು ಅಲ್ವಾ?" ಅಂದರು. ಉತ್ತರ ಇರಲಿಲ್ಲ. ಆಮೇಲೆ ಅವರೇ, ಬಿಸಿಲಿಗೆ ಇದೂ ಸಾಲದು ಅಂತ #595959ಕ್ಕೆ ಇಳಿಸಿದರು. ಅದರ ಕಾಂಟ್ರಾಸ್ಟ್ 7. ನನ್ನ 4.54ರ ಜಂಬ ಇಳಿಯಿತು.

ಹೆಸರಿನ ಗೊಂದಲವನ್ನೂ ಬಗೆಹರಿಸಿದೆವು. ಫಿಗ್ಮಾದಲ್ಲಿ ಅವರು "ಹಗ್" ಅನ್ನೋದನ್ನೇ ನಾನು ಆ್ಯಂಡ್ರಾಯ್ಡ್‌ನಲ್ಲಿ "ರ್‍ಯಾಪ್ ಕಂಟೆಂಟ್" ಅನ್ನುತ್ತೇನೆ. ಅವರ "ಫಿಲ್" ನನ್ನ "ಮ್ಯಾಚ್ ಪೇರೆಂಟ್." ಅವರು ಆಟೋ ಲೇಔಟ್ ಬಳಸಿ "ಹಗ್" ಅಂತ ಇಟ್ಟರೆ, ಈ ಡಬ್ಬ ಒಳಗಿನ ಮಾತಿನ ಜೊತೆ ಬೆಳೆಯಬೇಕು ಅನ್ನುವ ಅವರ ಉದ್ದೇಶ ನನಗೆ ತಿಳಿಯುತ್ತದೆ. ಎತ್ತರಕ್ಕೆ ಸಂಖ್ಯೆ ಬರೆಯೋದನ್ನೇ ಬಿಟ್ಟೆವು. ಒಟು ಮೊತದ ಕಾಯಿಲೆ ಅಲ್ಲಿಗೆ ಮುಗಿಯಿತು.

ಅಂತರಗಳಿಗೆ ಇಟ್ಟ ಹೆಸರು ಕೇಳಿದರೆ ನಗುತ್ತೀರಿ. 4 ಅಂದರೆ ಎಳ್ಳು, 8 ಕಡಲೆ, 16 ಅಡಿಕೆ, 24 ನಿಂಬೆ, 32 ತೆಂಗು. ಒಂದು ಸಂಜೆ ತಮಾಷೆಗೆ ಶುರುವಾದದ್ದು. ಫಿಗ್ಮಾದಲ್ಲೂ ಅದೇ ಹೆಸರು, ಕೋಡ್‌ನಲ್ಲೂ ಇಂಗ್ಲಿಷ್ ಅಕ್ಷರದಲ್ಲಿ ಅದೇ. ಆಮೇಲೆ ಇಂಗ್ಲಿಷ್ ಹೆಸರಿಗೆ ಬದಲಾಯಿಸೋಣ ಅಂತ ಹೊರಟರೆ ಯಾರಿಗೂ ಮನಸ್ಸು ಬರಲಿಲ್ಲ. "ಇಲ್ಲಿ ಕಡಲೆ ಸಾಲಲ್ಲ, ಅಡಿಕೆ ಕೊಡಿ" ಅಂದರೆ ಮುಗೀತು, ಯಾರೂ ಅಳತೆ ಕೇಳಲ್ಲ. ಹೊಸದಾಗಿ ಸೇರಿದ ಹುಡುಗನೊಬ್ಬ ಮೊದಲ ದಿನ ನಮ್ಮ ಮಾತು ಕೇಳಿ ಕಿರಾಣಿ ಅಂಗಡಿಗೆ ಬಂದೆನಾ ಅಂತ ಗಾಬರಿಯಾಗಿದ್ದ.

ಎಲ್ಲಾ ಸರಿಹೋಯಿತು ಅಂತಲ್ಲ. ರಿಲೀಸ್ ಹತ್ತಿರ ಬಂದರೆ ಗುರುವಾರದ ಕೂಟ ಮೊದಲು ರದ್ದಾಗುತ್ತದೆ. ಅವರು ಪ್ರೀತಿಯಿಂದ ಮಾಡಿದ ಒಂದು ಅನಿಮೇಷನ್ ಇದೆ, ಹಾಲಿನ ಹನಿ ಬಿದ್ದು ಲೆಕ್ಕ ಸೇರುವುದು. ಅಗ್ಗದ ಫೋನಿನಲ್ಲಿ ತಡವರಿಸುತ್ತದೆ ಅಂತ ನಾನು ಇನ್ನೂ ಹಾಕಿಲ್ಲ. ಅವರು ಇನ್ನೂ ಕೇಳೋದು ಬಿಟ್ಟಿಲ್ಲ. "ಸಿಂಕ್ರೊನೈಸ್ ಮಾಡಿ" ಅನ್ನೋ ಬಟನ್ ಬಗ್ಗೆ ಇಬ್ಬರೂ ವಾರಗಟ್ಟಲೆ ಗುದ್ದಾಡಿದ್ದೂ ಇದೆ. ಅವರು ಅಗಲ ಜಾಸ್ತಿ ಮಾಡ್ತೀನಿ ಅಂದರು, ನಾನು ಅಕ್ಷರ ಚಿಕ್ಕದು ಮಾಡ್ತೀನಿ ಅಂದೆ. ಕೊನೆಗೆ ಸೆಕ್ರೆಟರಿಗೇ ಫೋನ್ ಮಾಡಿ, ಇದನ್ನು ನೀವು ಏನಂತೀರಿ ಅಂತ ಕೇಳಿದೆವು. "ಲೆಕ್ಕ ಕಳ್ಸೋದು" ಅಂದರು. ಈಗ ಬಟನ್ ಮೇಲೆ "ಕಳಿಸಿ" ಅಂತಿದೆ. ಅಗಲ ಜಾಸ್ತಿ ಮಾಡೋದೂ ಬೇಕಾಗಲಿಲ್ಲ, ಅಕ್ಷರ ಚಿಕ್ಕದು ಮಾಡೋದೂ ಬೇಕಾಗಲಿಲ್ಲ.

ಎಂಟು ತಿಂಗಳಾದಮೇಲೆ ಇಬ್ಬರೂ ಅದೇ ಡೈರಿಗೆ ಹೋದೆವು. ಅದೇ ಆರೂಕಾಲು, ಅದೇ ಸಾಲು. ಸೆಕ್ರೆಟರಿ ಫೋನ್ ಒತ್ತುತ್ತಿದ್ದರು. ಡಿಸೈನರ್ ಅವರ ಹೆಗಲ ಹಿಂದೆ ನಿಂತು ನೋಡಿದರು, ನಾನೂ ನೋಡಿದೆ. ಒಟ್ಟು ಮೊತ್ತ, ಎರಡೂ ಒತ್ತು ಜಾಗದಲ್ಲೇ ಇದ್ದವು. ಅವರು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಮ್ಮನ್ನು ನೋಡಿ, "ಸಾರ್, ಈ ಪ್ರಿಂಟರ್ ಯಾಕೆ ಇಷ್ಟು ನಿಧಾನ? ಚೀಟಿ ಬರೋ ಹೊತ್ತಿಗೆ ಇಬ್ರ ಹಾಲು ಅಳೀಬೋದು" ಅಂದರು.

ಅದು ಪ್ರಿಂಟರ್ ಕಂಪನಿಯವರ ಕೆಲಸ ಅಂತ ಹೇಳೋಕೆ ಬಾಯಿ ತೆರೆದೆ. ಡಿಸೈನರ್ ನನ್ನ ಮುಖ ನೋಡಿದರು. ಬಾಯಿ ಮುಚ್ಚಿಕೊಂಡು, ಪ್ರಿಂಟರ್ ಕೇಬಲ್ ಎಲ್ಲಿದೆ ಅಂತ ಹುಡುಕಿದೆ.